ಬೆಚ್ಚಗಾದರೆ ಗಟ್ಟಿ

ಇಪ್ಪತ್ತೇಳು ವರ್ಷ ಮಲ್ಪೆಯ ಐಸ್ ಪ್ಲಾಂಟಿನಲ್ಲಿ
ನಾನು ಕಲಿತದ್ದು ಒಂದೇ ಪಾಠ:
ತಣ್ಣಗಾದರೆ ಗಟ್ಟಿ, ಬೆಚ್ಚಗಾದರೆ ನೀರು.
ಉಪ್ಪುನೀರಿನ ತೊಟ್ಟಿಗೆ ತಗಡಿನ ಡಬ್ಬಿ ಇಳಿಸಿ
ಒಂದು ಹಗಲು ಒಂದು ರಾತ್ರಿ ಕಾದರೆ
ಹೆಣದಷ್ಟು ಭಾರದ ಗಡ್ಡೆ ಮೇಲೆ ಬರುತ್ತದೆ,
ನಡುವೆ ಬೆನ್ನೆಲುಬಿನಂಥ ಒಂದು ಬಿಳಿ ಗೆರೆ.
ನೀರಿಗೆ ಇನ್ನೊಂದು ಶಾಸ್ತ್ರ ಉಂಟೆಂದು
ಯಾರೂ ಹೇಳಿರಲಿಲ್ಲ.

ಜಲಜಾಕ್ಷಿ ಅಂತ ಹೆಸರಿಟ್ಟ ಅವಳ ಅಜ್ಜಿಗೆ
ಏನು ಗೊತ್ತಿತ್ತು, ಕಣ್ಣೊಳಗೆ ನೀರಿನ ಒತ್ತಡ ಏರಿ
ಹಿಂದಿನ ನರ ಸವೆಯುತ್ತದೆಂದು.
ಮೊದಲು ಹೋದದ್ದು ಅಂಚು.
ಎಡಗಡೆಯಿಂದ ಬಂದ ಸೈಕಲ್ಲು ಕಾಣಲಿಲ್ಲ,
ಒಣಮೀನಿನ ಚಾಪೆಯ ಮೂಲೆಗೆ ಕೂತ ಕಾಗೆ ಕಾಣಲಿಲ್ಲ.
"ಕಾಗೆಗೂ ಗೊತ್ತಾಗಿದೆ ಮಾರಾಯ್ರೇ,
ಎಡಗಡೆಯದ್ದು ಧರ್ಮಕ್ಕೆ ಅಂತ"
ಎಂದು ನಕ್ಕಳು. ನಾನು ನಗಲಿಲ್ಲ.

ದಿನಕ್ಕೆ ಮೂರು ಹೊತ್ತು ಮದ್ದು.
ಬಿಟ್ಟ ಹನಿ ರೆಪ್ಪೆ ಬಡಿಯುವಷ್ಟರಲ್ಲಿ ಕೆನ್ನೆಗೆ,
ಕೆನ್ನೆಯಿಂದ ಸೆರಗಿಗೆ,
ಉಳಿದದ್ದು ಮೂಗಿನ ಓಣಿ ಹಿಡಿದು ಗಂಟಲಿಗೆ.
"ಕಹಿ," ಎನ್ನುತ್ತಿದ್ದಳು,
"ಕಣ್ಣಿಗೆ ಕೊಟ್ಟದ್ದನ್ನು ನಾಲಿಗೆ ತಿಂತು."
ಬಾಟಲಿಯ ದುಡ್ಡು ಲೆಕ್ಕ ಹಾಕಿದರೆ
ಸೆರಗಿಗೇ ಹೆಚ್ಚು ಚಿಕಿತ್ಸೆ ಆಗಿತ್ತು.
ಕಣ್ಣೀರಿಗೆ ಭೇದ ಗೊತ್ತಿಲ್ಲ,
ಕಸವನ್ನೂ ಮದ್ದನ್ನೂ
ಒಂದೇ ಹಿಡಿಸೂಡಿಯಲ್ಲಿ ಗುಡಿಸುತ್ತದೆ.

ಮಣಿಪಾಲದಲ್ಲಿ ಹೊಸ ಬಾಟಲಿ ಕೊಟ್ಟ ಹುಡುಗಿ,
ಬಿಳಿ ಕೋಟಿನ ಮೇಲೆ ಹೆಸರು ಜೋಯ್ಲಿನ್ ಕುಟಿನ್ಹಾ,
ಗಾಜಿನ ಕೊಳವೆಯೊಂದನ್ನು ತಂದು ಓರೆ ಮಾಡಿದಳು: ನೀರು.
ಅಂಗೈಯಲ್ಲಿ ಮುಚ್ಚಿ ಹಿಡಿದಳು, ನೂರು ಎಣಿಸುವಷ್ಟು ಹೊತ್ತು.
ಮತ್ತೆ ಓರೆ ಮಾಡಿದಳು. ತಲೆಕೆಳಗು ಮಾಡಿದಳು.
ಬೀಳಲಿಲ್ಲ.
ಎಳೆ ಬೊಂಡದ ಗಂಜಿಯ ಹಾಗೆ ತಳಕ್ಕೆ ಅಂಟಿ ನಿಂತಿತ್ತು.
"ತಂಪಿನಲ್ಲಿ ನೀರು, ಕಣ್ಣಿನ ಬಿಸಿಗೆ ಲೋಳೆ.
ಕಣ್ಣೀರು ತೊಳೆದರೂ ಬೇಗ ಹೋಗುವುದಿಲ್ಲ,
ಕೂತು ಕೂತು ಮದ್ದು ಬಿಡುತ್ತದೆ.
ಸ್ವಲ್ಪ ಹೊತ್ತು ಮಂಜು ಕಾಣ್ತದೆ, ಹೆದರಬೇಡಿ."
ಹೇಳಿದ್ದು ಅವಳಿಗೆ.
ನಾನು ಕೊಳವೆಯನ್ನೇ ನೋಡುತ್ತಿದ್ದೆ.
ನನ್ನ ಕಸುಬನ್ನು ದೋಸೆಯ ಹಾಗೆ ಮಗುಚಿ ಹಾಕಿದ್ದಳು.

ಬಸ್ಸಿನಲ್ಲಿ ಜಲಜಾಕ್ಷಿ:
"ಇಷ್ಟು ವರ್ಷ ಅಮೋನಿಯ ಕುಡಿದು
ನೀವು ಗಟ್ಟಿ ಮಾಡಿದ್ದನ್ನು
ಅವಳು ಬರೇ ಅಂಗೈಯಲ್ಲಿ ಮಾಡಿದಳಲ್ಲ."

ಮೇ ತಿಂಗಳಲ್ಲಿ ಎರಡು ದಿನ ಕರೆಂಟಿಲ್ಲ.
ಫ್ರಿಜ್ಜಿನ ಬಂಗುಡೆ ನಾರಿತು,
ಮದ್ದು ಬಾಟಲಿಯೊಳಗೇ ಕಟ್ಟಿ ಕೂತಿತು,
ಹಿಂಡಿದರೆ ಹನಿಯಿಲ್ಲ.
ಟವೆಲಿನಲ್ಲಿ ಸುತ್ತಿ ಪ್ಲಾಂಟಿಗೆ ಒಯ್ದೆ.
ಪುಡಿ ಐಸಿನ ರಾಶಿಯ ಬದಿಗೆ ಹೂತು
ಒಂದು ಬೋಟು ತುಂಬಿಸಿ ಬಂದೆ.
ತೆಗೆದು ಅಲುಗಿಸಿದರೆ ಕುಲು ಕುಲು.
ಕ್ರಶರಿನ ಬೋಜ ಕೇಳಿದ, "ಎಂತ ಅದು, ಬ್ರಾಂದಿಯಾ?"
"ಹೆಂಡತಿಯ ಕಣ್ಣು," ಎಂದೆ.
ಅವನು ಸುಮ್ಮನೆ ಲುಂಗಿಗೆ ಕೈ ಒರೆಸಿಕೊಂಡ.

ಹೋದದ್ದು ಬರುವುದಿಲ್ಲ, ಜೋಯ್ಲಿನ್ ಮೊದಲೇ ಹೇಳಿದ್ದಳು.
ಕಾಗೆ ಈಗಲೂ ಎಡಗಡೆಯಿಂದಲೇ ಬರುತ್ತದೆ.
ಉಳಿದದ್ದು ಉಳಿಯಬೇಕು, ಅಷ್ಟೇ ಲೆಕ್ಕ.

ರಾತ್ರಿ ಒಂಬತ್ತಕ್ಕೆ
ಗೋಡೆಗೆ ತಲೆ ಆನಿಸಿ ಕೂರುತ್ತಾಳೆ.
ನನ್ನ ಬೆರಳಿನಿಂದ ಪಾಳಿಯ ತಂಪು ಇನ್ನೂ ಇಳಿದಿಲ್ಲ.
"ಈ ಕೈ ತಾಗಿದರೆ ಅದು ನೀರಾಗಿಯೇ ಹರಿದೀತು,
ಮೊದಲು ಬಿಸಿ ಮಾಡಿಕೊಳ್ಳಿ."
ಚಾದ ಲೋಟ ಹಿಡಿಯುತ್ತೇನೆ. ಸಾಲದು.
ಎರಡೂ ಕೈ ಕಂಕುಳಿಗೆ ತುರುಕಿ ನಿಲ್ಲುತ್ತೇನೆ,
ಕೆಲಸ ಕೇಳಲು ಬಂದ ಹುಡುಗನ ಹಾಗೆ,
ಅವಳ ಎದುರು.

ಎರಡು ಕಣ್ಣಿಗೆ ಎರಡೇ ಹನಿ.
"ಬಂತು ಮಂಜು," ಎನ್ನುತ್ತಾಳೆ.
"ನಾನು ಕಾಣ್ತೇನಾ?"
"ಐಸಿನೊಳಗಿನ ಮೀನಿನ ಹಾಗೆ."

ಹತ್ತು ನಿಮಿಷ ಇಬ್ಬರೂ ಏಳುವುದಿಲ್ಲ.
ದಕ್ಕೆಯಲ್ಲಿ ಯಾರದೋ ಬೋಟು
ಐಸಿಗಾಗಿ ಹಾರ್ನ್ ಹೊಡೆಯುತ್ತಿದೆ.
ಹೊಡೆಯಲಿ. ನನ್ನ ಪಾಳಿ ಮುಗಿದಿದೆ.